ಒಂದೂವರೆ ಇಂಚಿನ ಜಾಣ್ಮೆ

ಬೀರುವಿನಲ್ಲಿರುವ ಯಾವುದಾದರೂ ಹಳೆಯ ರವಿಕೆಯನ್ನು ಒಳಮಗ್ಗುಲು ತಿರುವಿ ನೋಡಿ. ಕಂಕುಳಿನಿಂದ ಕೆಳಗಿನ ಪಟ್ಟಿಯವರೆಗೆ ಒಂದರ ಪಕ್ಕ ಒಂದರಂತೆ ಎರಡೋ ಮೂರೋ ಹೊಲಿಗೆ ಓಡಿರುತ್ತವೆ. ಮೈಗೆ ತಾಗುವ ಹೊಲಿಗೆ ಇವತ್ತಿನ ಅಳತೆಗೆ. ಅದರಾಚೆಯದು ಮೈ ತುಸು ತುಂಬಿಕೊಂಡಾಗ. ಅದಕ್ಕೂ ಆಚೆಯದು ಬಾಣಂತನ ಮುಗಿಸಿ ತವರಿನಿಂದ ವಾಪಸು ಬಂದ ಮೇಲೆ. ಅಷ್ಟಾದ ಮೇಲೂ ಒಂದಿಷ್ಟು ಬಟ್ಟೆಯನ್ನು ಕತ್ತರಿಸದೆ ಬಿಟ್ಟಿರುತ್ತಾರೆ. "ಒಳಗೆ ಬಟ್ಟೆ ಬಿಟ್ಟು ಹೊಲೀರಿ" ಎಂದು ಹೇಳದೆ ರವಿಕೆ ಪೀಸು ಕೊಟ್ಟು ಬರುವ ಹೆಂಗಸರು ನಮ್ಮಲ್ಲಿ ಕಡಿಮೆ. ಹೇಳದಿದ್ದರೂ ಕೈ ಪಳಗಿದ ಟೈಲರ್ ಬಿಟ್ಟೇ ಹೊಲಿಯುತ್ತಾರೆ.

ಮೈ ಇದ್ದಂತೆಯೇ ಇರುವುದಿಲ್ಲ ಎಂಬ ತಿಳಿವಳಿಕೆಯನ್ನು ಬಟ್ಟೆಯೊಳಗೇ ಹೊಲಿದಿಟ್ಟ ಕ್ರಮ ಇದು. ರೆಡಿಮೇಡ್ ಬಟ್ಟೆ ಬಂದಮೇಲೆ ಈ ಕ್ರಮ ತಪ್ಪಿತು. ಕಾರ್ಖಾನೆಯ ಓವರ್‌ಲಾಕ್ ಯಂತ್ರದಲ್ಲಿ ಸೂಜಿಯ ಜೊತೆಗೆ ಒಂದು ಅಲಗೂ ಇರುತ್ತದೆ. ಅದು ಹೊಲಿಯುತ್ತಲೇ ಅಂಚನ್ನು ಕತ್ತರಿಸಿ, ದಾರ ಸುತ್ತಿ ಮುಗಿಸಿಬಿಡುತ್ತದೆ. ಒಳಗೆ ಉಳಿಯುವುದು ಒಂದು ಸೆಂಟಿಮೀಟರಿನಷ್ಟು ಬಟ್ಟೆ. ಬಿಚ್ಚಿ ಬಿಡೋಣವೆಂದರೆ ಏನೂ ಇರುವುದಿಲ್ಲ. ಲಕ್ಷಗಟ್ಟಲೆ ಪೀಸು ಹೊಲಿಯುವ ಕಡೆ ಒಂದೊಂದು ಪೀಸಿನಲ್ಲಿ ಒಂದೊಂದು ಇಂಚು ಬಟ್ಟೆ ಉಳಿದರೆ ಅದು ದೊಡ್ಡ ಲಾಭ ಎಂಬುದು ಅವರ ಲೆಕ್ಕ. ಆದರೆ ಆ ಉಳಿತಾಯದ ಕಷ್ಟವೆಲ್ಲ ಕೊಂಡವರ ತಲೆಗೆ ಬಂತು. ಟ್ರಯಲ್ ರೂಮಿನ ಕನ್ನಡಿಯೆದುರು ನಿಂತು, ಏರದ ಜಿಪ್ಪನ್ನು ಎಳೆಯುತ್ತಾ, "ನನಗೇ ಹೊಟ್ಟೆ ಬಂದಿದೆ" ಎಂದು ತಮ್ಮನ್ನೇ ಬೈದುಕೊಳ್ಳುವವರು ಎಷ್ಟು ಜನ! ತಪ್ಪು ಹೊಟ್ಟೆಯದಲ್ಲ, ಜಾಗವಿಲ್ಲದ ಬಟ್ಟೆಯದು. ಒಳಗೆ ಬಿಡದ ಜಾಗವನ್ನು ಹೊರಗಿನಿಂದ ಕೊಡುವ ಸಣ್ಣ ಸಾಧನಗಳ ಬಗ್ಗೆ, ಅವನ್ನು ಕಂಡುಹಿಡಿಯುವ ಕೈಗಳ ಬಗ್ಗೆ ಈ ಬರಹ.

ರಾಜೀವನಗರದ ಮುಂಕೋಣೆಗಳು

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಬೆಟ್ಟ ಹತ್ತುತ್ತಾರೆ, ರೇಷ್ಮೆ ಸೀರೆ ಕೊಳ್ಳುತ್ತಾರೆ. ಆ ಸೀರೆಗೆ ಬೇಕಾದ ರವಿಕೆ ಸಿದ್ಧವಾಗುವುದು ಪ್ರವಾಸಿಗರು ಕಾಲಿಡದ ಬಡಾವಣೆಗಳಲ್ಲಿ. ಉದಯಗಿರಿ, ಶಾಂತಿನಗರ, ಗೌಸಿಯಾನಗರ, ಕಲ್ಯಾಣಗಿರಿಗಳಿಗೆ ಹೊಂದಿಕೊಂಡ ರಾಜೀವನಗರ ಅಂಥದ್ದೊಂದು. ಈ ಸೀಮೆಯಲ್ಲಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರು ಬಹಳ. ಬೀಡಿ ಕಟ್ಟುತ್ತಾರೆ, ಊದುಬತ್ತಿ ಹೊಸೆಯುತ್ತಾರೆ, ಹೊಲಿಗೆ ಹಾಕುತ್ತಾರೆ. ಮುಂಕೋಣೆಯ ಕಿಟಕಿಯ ಬೆಳಕಿಗೆ ಮಿಷನ್ ಇಟ್ಟುಕೊಂಡು, ಗೇಟಿಗೆ 'ಲೇಡೀಸ್ ಟೈಲರ್' ಎಂಬ ಪುಟ್ಟ ಬೋರ್ಡು ತೂಗುಹಾಕಿದರೆ ಅಂಗಡಿ ತೆರೆದಂತೆ. ರವಿಕೆ, ಚೂಡಿದಾರ, ಬುರ್ಖಾ, ಶಾಲೆಯ ಯೂನಿಫಾರ್ಮು, ಸೀರೆಗೆ ಫಾಲ್ಸು, ಸೆರಗಿಗೆ ಕುಚ್ಚು, ಎಲ್ಲವೂ ಅಲ್ಲೇ. ನಗರದ ಹೊರವಲಯದ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಕಾಲರ್ ಮಾತ್ರವೋ ತೋಳು ಮಾತ್ರವೋ ಹೊಲಿದು ಬಂದವರು ಮನೆಗೆ ಬಂದು ಪೂರ್ತಿ ಬಟ್ಟೆ ಹೊಲಿಯುವುದನ್ನು ಕಲಿತದ್ದೂ ಉಂಟು.

"ಆಪಾ, ನಾಡಿದ್ದು ಮದುವೆ, ಬ್ಲೌಸು ಹಾಕಿದ್ರೆ ಹುಕ್ಕೇ ಬೀಳ್ತಿಲ್ಲ." "ತಗೊಂಬನ್ನಿ ಅಕ್ಕ, ಬಿಚ್ಚಿ ಬಿಟ್ಟುಕೊಡೋಣ." ಇಂಥ ಮಾತು ಈ ಬೀದಿಗಳಲ್ಲಿ ದಿನನಿತ್ಯದ್ದು. ಬಿಡಲು ಒಳಗೆ ಬಟ್ಟೆಯಿದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದಾಗಲೇ ಟೈಲರಿನ ತಲೆ ಓಡಬೇಕು. ಆಗ ಹುಟ್ಟುವುದೇ ಹುಕ್ಕಿನ ಪಟ್ಟಿ.

ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರೆ ಸಾಧಾರಣ ತುಂಡು ಬಟ್ಟೆ. ರವಿಕೆಯ ಮುಂಭಾಗದಷ್ಟು ಉದ್ದ, ಎರಡು ಇಂಚು ಅಗಲ. ರವಿಕೆಯ ಪೀಸಿನಲ್ಲೇ ಚೂರು ಉಳಿದಿದ್ದರೆ ಅದರಿಂದ, ಇಲ್ಲವಾದರೆ ಬಣ್ಣ ಹೊಂದುವ ಲೈನಿಂಗ್ ಬಟ್ಟೆಯಿಂದ, ಎರಡು ಪದರ ಮಡಿಸಿ ಹೊಲಿಯುತ್ತಾರೆ. ಒಂದು ಅಂಚಿಗೆ ಹುಕ್ಕುಗಳು. ಅವು ರವಿಕೆಯಲ್ಲಿ ಮೊದಲೇ ಇರುವ ಕಾಜಗಳಿಗೆ ಸೇರಿಕೊಳ್ಳುತ್ತವೆ. ಆ ಅಂಚಿನಿಂದ ಅರ್ಧ ಇಂಚಿಗೆ ಒಂದು ಸಾಲು ನೂಲಿನ ಕಾಜ, ಒಂದು ಇಂಚಿಗೆ ಇನ್ನೊಂದು ಸಾಲು, ಒಂದೂವರೆ ಇಂಚಿಗೆ ಮತ್ತೊಂದು. ರವಿಕೆಯ ಹುಕ್ಕನ್ನು ಮೊದಲ ಸಾಲಿಗೆ ಹಾಕಿದರೆ ಅರ್ಧ ಇಂಚು ಸಡಿಲ, ಮೂರನೆಯದಕ್ಕೆ ಹಾಕಿದರೆ ಒಂದೂವರೆ. ಮಿಕ್ಕ ಬಟ್ಟೆ ಒಳಗೆ ಅಡಗಿ ಮೈ ಕಾಣದಂತೆ ಮರೆ ಮಾಡುತ್ತದೆ. ಸೆರಗು ಹೊದ್ದಮೇಲೆ ಅಲ್ಲೊಂದು ಪಟ್ಟಿ ಇದೆಯೆಂದು ಯಾರಿಗೂ ತಿಳಿಯುವುದಿಲ್ಲ. ಮೈ ಇಳಿದರೆ ಪಟ್ಟಿಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟರಾಯಿತು. ಒಂದೇ ರವಿಕೆಯನ್ನು ಅಕ್ಕ ತಂಗಿಯರಿಬ್ಬರೂ ಹಾಕಿಕೊಳ್ಳಬಹುದು.

ಕೆಳಗಿನ ಕೊನೆಯ ಹುಕ್ಕನ್ನು ಕೆಲವರು ಉಲ್ಟಾ ಹೊಲಿಯುತ್ತಾರೆ. ಬಗ್ಗಿ ಎದ್ದಾಗ ಪಟ್ಟಿ ಸಡಿಲವಾದರೂ ಎಲ್ಲ ಹುಕ್ಕುಗಳೂ ಒಂದೇ ದಿಕ್ಕಿಗೆ ಜಾರಿ ಬಿಚ್ಚಿಕೊಳ್ಳಬಾರದು ಎಂದು. ದಿನವಿಡೀ ಬಗ್ಗಿ ಕೆಲಸ ಮಾಡುವ ಹೆಂಗಸಿನ ಮೈಯ ಚಲನೆ ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಪಟ್ಟಿಗೂ ಒಂದು ಮಿತಿಯಿದೆ. ಮುಂಭಾಗದಲ್ಲಿ ಒಂದೂವರೆ ಇಂಚಿಗಿಂತ ಹೆಚ್ಚು ಬಿಟ್ಟರೆ ಎದೆಯ ಟಕ್ಸು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಪಕ್ಕದ ಹೊಲಿಗೆ ಮುಂದಕ್ಕೆ ಎಳೆಯುತ್ತದೆ, ಕಂಕುಳು ಮಾತ್ರ ಮೊದಲಿನಷ್ಟೇ ಬಿಗಿ. ಆಗ ಪಟ್ಟಿ ಸಾಲದು, ಕಂಕುಳಿನಲ್ಲೇ ಚೌಕ ತುಂಡೊಂದನ್ನು ಸೇರಿಸಬೇಕು. ಹಳೆಯ ಜುಬ್ಬಗಳ ಕಂಕುಳಿನಲ್ಲಿ ಆ ಚೌಕ ಇರುತ್ತಿತ್ತು. ಕೈ ಎತ್ತಿದರೆ ಅಂಗಿ ಮೇಲೇರುತ್ತಿರಲಿಲ್ಲ. ಮೈಗೆ ಅಂಟುವ ಕಟಿಂಗ್ ಬಂದಮೇಲೆ ಅದನ್ನು ಕೈಬಿಟ್ಟರು. ನನ್ನ ಮಟ್ಟಿಗೆ ಆ ಪುಟ್ಟ ಚೌಕವನ್ನು ಕಳೆದುಕೊಂಡದ್ದು ದೊಡ್ಡ ನಷ್ಟ.

ಕಸೆ, ಲಾಡಿ, ಗಂಟು

ಒಂದೇ ಬಟ್ಟೆ ಹಲವು ಮೈಗಳಿಗೆ ಹೊಂದಬೇಕು ಎಂಬುದು ನಮಗೆ ಹೊಸ ಯೋಚನೆಯೇನಲ್ಲ. ಸೀರೆಗೂ ಪಂಚೆಗೂ ಅಳತೆಯೇ ಇಲ್ಲ. ನಿರಿಗೆ ಒಂದು ಹೆಚ್ಚಾದರೆ ಸಣ್ಣ ಸೊಂಟ, ಒಂದು ಕಡಿಮೆಯಾದರೆ ದಪ್ಪ ಸೊಂಟ, ಅಷ್ಟೇ. ಹೊಲಿದ ಬಟ್ಟೆಯಲ್ಲೂ ನಮ್ಮ ಹಿರಿಯರು ಈ ಸಡಿಲವನ್ನು ಬಿಟ್ಟುಕೊಟ್ಟಿರಲಿಲ್ಲ. ಕಸೆ ಅಂಗಿಗೆ ಗುಂಡಿಯಿಲ್ಲ, ಕಟ್ಟುವ ದಾರಗಳಿವೆ. ಎಳೆಗೂಸಿನ ಜಬಲಕ್ಕೆ ಬೆನ್ನ ಮೇಲೆ ಕಟ್ಟುವ ದಾರ ಇರುವುದೂ ಇದಕ್ಕೇ. ವಾರ ವಾರಕ್ಕೂ ಬೆಳೆಯುವ ಮೈಗೆ ಗುಂಡಿಯ ಅಂಗಿ ಎಷ್ಟು ದಿನ ಬಂದೀತು?

ಉತ್ತರ ಕರ್ನಾಟಕದ ಕುಪ್ಪಸವನ್ನು ನೋಡಿ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಆ ಕುಪ್ಪಸದ ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕುತ್ತಾರೆ. ಹುಕ್ಕಿಲ್ಲ, ಗುಂಡಿಯಿಲ್ಲ. ಬಸುರಿಯಾದಾಗ ಗಂಟು ಸಡಿಲ, ಮಗುವಿಗೆ ಹಾಲು ಕುಡಿಸುವಾಗ ಬಿಚ್ಚುವುದು ಸಲೀಸು, ಹೊಲದ ಕೆಲಸಕ್ಕೆ ಹೊರಟಾಗ ಬಿಗಿ. ಚೊಚ್ಚಲ ಬಸುರಿಗೆ ಸೀರೆ, ಕುಬಸ ಕೊಟ್ಟು ಉಡಿ ತುಂಬುವ ಶಾಸ್ತ್ರ ಆ ಕಡೆ ಈಗಲೂ ಇದೆ. ಮೈ ಬದಲಾಗುವ ಹೊತ್ತಿಗೆ ಮೈಗೆ ಹೊಂದುವ ಬಟ್ಟೆ ಕೊಡುವುದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ?

ಕೊಡಗಿನ ಗಂಡಸರ ಕುಪ್ಯ ಮೊಣಕಾಲು ಮುಟ್ಟುವ ಸಡಿಲ ನಿಲುವಂಗಿ. ಅದನ್ನು ಮೈಗೆ ಹೊಂದಿಸುವುದು ಸೊಂಟಕ್ಕೆ ಸುತ್ತುವ ಚೇಲೆ ಎಂಬ ರೇಷ್ಮೆಯ ಪಟ್ಟಿ. ಚೇಲೆ ಬಿಗಿದರೆ ಅಜ್ಜನ ಕುಪ್ಯವೂ ಮೊಮ್ಮಗನಿಗೆ ಆಗುತ್ತದೆ. ಕರಾವಳಿ, ಮಲೆನಾಡಿನ ಯಕ್ಷಗಾನ ಮೇಳಗಳ ಪೆಟ್ಟಿಗೆಯಲ್ಲಂತೂ ಈ ವಿದ್ಯೆ ಪೂರ್ತಿಯಾಗಿ ತುಂಬಿದೆ. ಎದೆಕಟ್ಟು, ತೋಳ್ಕಟ್ಟು, ಭುಜಕೀರ್ತಿ, ಸೊಂಟದ ಡಾಬು, ಯಾವುದನ್ನೂ ಒಬ್ಬ ಕಲಾವಿದನ ಅಳತೆಗೆ ಮಾಡುವುದಿಲ್ಲ. ಎಲ್ಲಕ್ಕೂ ದಾರ, ಎಲ್ಲವೂ ಕಟ್ಟು. ಇವತ್ತು ತೆಳ್ಳಗಿನ ಅಭಿಮನ್ಯು ಕಟ್ಟಿಕೊಂಡದ್ದನ್ನು ನಾಳೆ ದಪ್ಪನೆಯ ಕೌರವ ಕಟ್ಟಿಕೊಳ್ಳಬಹುದು. ವೇಷ ಮೇಳದ್ದು, ಅದಕ್ಕೆ ಬರುವ ಮೈ ಮಾತ್ರ ಬೇರೆ ಬೇರೆ.

ಒಡವೆ ಮಾಡುವವರೂ ಇದನ್ನು ಬಲ್ಲರು. ಕಾಲ್ಗೆಜ್ಜೆಯ ಕೊನೆಯಲ್ಲಿ ನಾಲ್ಕಾರು ಉಂಗುರ ಹೆಚ್ಚಿಗೆ ಇಡುತ್ತಾರೆ. ಕತ್ತಿನ ಹಾರಕ್ಕೆ ಜಾರುವ ಮಣಿಯ ದಾರ ಕಟ್ಟುತ್ತಾರೆ. ಈಗಿನ ರವಿಕೆಗಳ ಬೆನ್ನಿಗೆ ಇಳಿಬಿಡುವ ಲಾಡಿ, ಅದರ ತುದಿಯ ಕುಚ್ಚು ಬರೀ ಅಂದವಲ್ಲ. ಕೊರಳು ಅಗಲವಾಗಿ ಭುಜ ಜಾರುವುದನ್ನು ಹಿಡಿದು ನಿಲ್ಲಿಸುವುದು ಆ ಲಾಡಿಯೇ. ಅದನ್ನು ಅಲಂಕಾರವೆಂದು ತಿಳಿದು ಗಂಟು ಹಾಕದೆ ಬಿಟ್ಟವರು ಇಡೀ ಮದುವೆಯ ಹೊತ್ತು ಭುಜ ಎಳೆದುಕೊಳ್ಳುತ್ತಿರುತ್ತಾರೆ.

ಹೆಣ್ಣುಮಕ್ಕಳ ಉದ್ದಲಂಗದ ಅಂಚಿನ ಮೇಲೆ ಅಡ್ಡಕ್ಕೆ ಎರಡು ಮೂರು ಟಕ್ಕು ಹಿಡಿಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ವರ್ಷಕ್ಕೊಂದು ಟಕ್ಕು ಬಿಚ್ಚಿದರೆ ಲಂಗ ಮಗುವಿನ ಜೊತೆಗೇ ಬೆಳೆಯುತ್ತಿತ್ತು. ಬಿಚ್ಚಿದ ಕಡೆ ಬಣ್ಣ ಮಾಸದೆ ಹೊಸ ಗೆರೆ ಕಾಣುತ್ತದೆಂದು ಅದರ ಮೇಲೆ ಜರಿ ಪಟ್ಟಿ ಇಟ್ಟು ಹೊಲಿಯುತ್ತಿದ್ದರು.

ಪಿನ್ನು ಕಂಡುಹಿಡಿದವನು, ಪಟ್ಟಿ ಕಂಡುಹಿಡಿದ ಕಾದಂಬರಿಕಾರ

ಲಂಗದ ಲಾಡಿ ಒಳಗೆ ಸೇರಿಕೊಂಡಾಗ ಅದನ್ನು ಹೊರಗೆ ತರಲು ನಾವೆಲ್ಲ ಹುಡುಕುವುದು ಒಂದೇ ವಸ್ತುವನ್ನು. ಆ ಸೇಫ್ಟಿ ಪಿನ್ನಿಗೆ ಹುಟ್ಟಿದ ದಿನವೂ ಇದೆ, ಹುಟ್ಟಿಸಿದವನೂ ಇದ್ದಾನೆ. ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರ ಏಪ್ರಿಲ್ 10ರಂದು ಅದಕ್ಕೆ ಪೇಟೆಂಟ್ ಪಡೆದ. ಹದಿನೈದು ಡಾಲರಿನ ಸಾಲ ತೀರಿಸುವ ಯೋಚನೆಯಲ್ಲಿ ಒಂದು ತಂತಿಯನ್ನು ತಿರುಚುತ್ತಾ ಕೂತಿದ್ದಾಗ ಅದು ಹೊಳೆಯಿತು ಎನ್ನುತ್ತಾರೆ. ಒಂದೇ ತಂತಿ. ನಡುವೆ ಸುರುಳಿ ಸುತ್ತಿದ್ದರಿಂದ ಅದಕ್ಕೆ ಸ್ಪ್ರಿಂಗಿನ ಗುಣ ಬಂತು, ತುದಿಗೆ ಟೋಪಿ ಇಟ್ಟಿದ್ದರಿಂದ ಬೆರಳಿಗೆ ಚುಚ್ಚುವುದು ತಪ್ಪಿತು. ಹಂಟ್ ಆ ಹಕ್ಕನ್ನು ನಾನೂರು ಡಾಲರಿಗೆ ಮಾರಿಬಿಟ್ಟ. ಮುಂದೆ ಅದರಿಂದ ಹಣ ಮಾಡಿದವರು ಬೇರೆಯವರು.

ಹಂಟನ ಇನ್ನೊಂದು ಕತೆ ನನಗೆ ಇದಕ್ಕಿಂತ ಹೆಚ್ಚು ಮುಖ್ಯ. 1830ರ ದಶಕದಲ್ಲೇ ಆತ ಎರಡು ದಾರಗಳಿಂದ ಹೊಲಿಯುವ ಯಂತ್ರವನ್ನೂ ಮಾಡಿದ್ದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಕೈಹೊಲಿಗೆಯಿಂದ ಹೊಟ್ಟೆ ಹೊರೆಯುವ ಹೆಂಗಸರು ಕೆಲಸ ಕಳೆದುಕೊಂಡಾರು ಎಂಬ ಅಂಜಿಕೆಯಿಂದ ಹಿಂದೆಗೆದ ಎಂಬುದು ಅವನ ಬಗ್ಗೆ ಉಳಿದಿರುವ ಮಾತು. ಕೊನೆಗೆ ಯಂತ್ರದ ಹೆಸರೂ ಹಣವೂ ಎಲಿಯಾಸ್ ಹೋವ್ ಮತ್ತು ಐಸಾಕ್ ಸಿಂಗರ್ ಪಾಲಾದವು.

ಬಟ್ಟೆಯನ್ನು ಬಿಗಿ-ಸಡಿಲ ಮಾಡುವ ಪಟ್ಟಿಗೇ ಪೇಟೆಂಟ್ ಪಡೆದವನು ಯಾರು ಗೊತ್ತೇ? 1871ರ ಡಿಸೆಂಬರ್ 19ರಂದು ಅಮೆರಿಕದಲ್ಲಿ 121992ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿದ್ದು ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬಾತನಿಗೆ. ಲೋಕಕ್ಕೆ ಆತ ಮಾರ್ಕ್ ಟ್ವೈನ್. ವೇಸ್ಟ್‌ಕೋಟು, ಪ್ಯಾಂಟು ಮುಂತಾದವುಗಳ ಬೆನ್ನಿಗೆ ಹಾಕಿ ತೆಗೆಯಬಹುದಾದ, ಬೇಕಾದಷ್ಟು ಬಿಗಿ ಮಾಡಬಹುದಾದ ಎಲಾಸ್ಟಿಕ್ ಪಟ್ಟಿ ಅದು. ಒಂದೇ ಪಟ್ಟಿಯನ್ನು ಒಂದು ಬಟ್ಟೆಯಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಟ್ವೈನ್ ಪಡೆದ ಮೂರು ಪೇಟೆಂಟ್‌ಗಳಲ್ಲಿ ಇದು ಮೊದಲನೆಯದು. ವೇಸ್ಟ್‌ಕೋಟಿನ ಕಾಲ ಮುಗಿಯಿತು. ಆದರೆ ಹಾಕಿ ತೆಗೆಯುವ, ಹೆಚ್ಚು ಕಡಿಮೆ ಮಾಡುವ ಪಟ್ಟಿಯ ಯೋಚನೆ ಎಲ್ಲ ಕಡೆ ಉಳಿದಿದೆ. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ, ಬ್ರಾದ ಹಿಂಬದಿಗೆ ಸೇರಿಸುವ ಹುಕ್ಕಿನ ತುಂಡು ಆ ಜಾತಿಯದೇ.

1914ರ ನವೆಂಬರಿನಲ್ಲಿ ಬ್ರಾಗೆ ಪೇಟೆಂಟ್ ಪಡೆದ ಮೇರಿ ಫೆಲ್ಪ್ಸ್ ಜೇಕಬ್ ಮೊದಲು ಅದನ್ನು ಮಾಡಿಕೊಂಡದ್ದು ಎರಡು ರೇಷ್ಮೆ ಕರವಸ್ತ್ರ ಮತ್ತು ರಿಬ್ಬನ್ನಿನಿಂದ, ಮನೆಗೆಲಸದಾಕೆಯ ನೆರವು ಪಡೆದು. ಬೇರೆ ಬೇರೆ ಗಾತ್ರದ ಹೆಂಗಸರಿಗೆ ಹೊಂದುತ್ತದೆ ಎಂಬುದನ್ನು ಆಕೆ ತನ್ನ ಅರ್ಜಿಯಲ್ಲೇ ಹೇಳಿಕೊಂಡಿದ್ದಳು. ಹಕ್ಕನ್ನು ಕಾರ್ಸೆಟ್ ಕಂಪನಿಯೊಂದಕ್ಕೆ ಮಾರಿದಾಗ ಸಿಕ್ಕಿದ್ದು ಒಂದೂವರೆ ಸಾವಿರ ಡಾಲರ್. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ತುಪ್ಪಳಕ್ಕೂ ಅಂಟಿದ, ನಮ್ಮ ಅಂಟುಪುರುಲೆಯಂಥ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮುಂದೆ ವೆಲ್ಕ್ರೋ ಮಾಡಿದ.

ಇವರೆಲ್ಲರ ಹೆಸರು ಉಳಿದದ್ದು ಕಾಗದದ ಮೇಲೆ ಬರೆದು ಅರ್ಜಿ ಹಾಕಿದ್ದರಿಂದ. ಮೂರು ಸಾಲು ಕಾಜದ ಪಟ್ಟಿಯನ್ನು, ಉಲ್ಟಾ ಹುಕ್ಕನ್ನು, ಟಕ್ಕಿನ ಲಂಗವನ್ನು ಮೊದಲು ಮಾಡಿದ ಹೆಂಗಸರಿಗೆ ಅಂಥ ಕಾಗದ ಯಾರೂ ಕೊಡಲಿಲ್ಲ.

ಸರಾಸರಿ ಮೈ ಯಾರದ್ದು?

ರೆಡಿಮೇಡ್ ಬಟ್ಟೆಯ ಸಿದ್ಧ ಅಳತೆಗಳು ಎಲ್ಲಿಂದ ಬಂದವು ಎಂದು ಹುಡುಕಿದರೆ ಒಂದು ಪಾಠ ಸಿಗುತ್ತದೆ. ಅಮೆರಿಕದ ಕೃಷಿ ಇಲಾಖೆಗಾಗಿ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ 1939-40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆಸಿದರು. ಒಬ್ಬೊಬ್ಬರಿಂದ 59 ಅಳತೆ. 1941ರಲ್ಲಿ ವರದಿ ಬಂತು. ಬಿಳಿಯ ಹೆಂಗಸರ ಅಳತೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ಅದನ್ನು ಬುನಾದಿಯಾಗಿ ಇಟ್ಟುಕೊಂಡು 1958ರಲ್ಲಿ ಅಳತೆಯ ಮಾನದಂಡ ಮಾಡಿದರು. ಅದು ಜನರ ಮೈಗೆ ಹೊಂದದೆ 1983ರಲ್ಲಿ ಅದನ್ನೇ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ಶ್ರಮಪಟ್ಟರೂ ಅವರದೇ ದೇಶದ ಹೆಂಗಸರಿಗೆ ಹೊಂದದ ಕೋಷ್ಟಕಗಳ ಮಾದರಿಯಲ್ಲಿ ನಮ್ಮ ಅಂಗಡಿಗಳ ಬಟ್ಟೆಗಳೂ ಬಹುಕಾಲ ಹೊಲಿಸಿಕೊಂಡು ಬಂದವು.

ನಮ್ಮದೇ ಅಳತೆ ಬೇಕೆಂದು ಕೇಂದ್ರ ಜವಳಿ ಸಚಿವಾಲಯದ ಬೆಂಬಲದಿಂದ ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಎಂಬ ಸಮೀಕ್ಷೆಗೆ ಕೈಹಾಕಿತು. ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000 ಮಂದಿಯ ಅಳತೆಯನ್ನು, ಮೈ ಮುಟ್ಟದೆ ಅಳೆಯುವ ಸ್ಕ್ಯಾನರ್‌ಗಳಿಂದ ತೆಗೆಯುವ ಯೋಜನೆ ಅದು. ಬೇಕಾದ ಕೆಲಸವೇ. ಆದರೂ ಸರಾಸರಿಗೆ ಒಂದು ಮಿತಿಯಿದೆ. ಎದೆಯಳತೆ 36 ಇರುವ ಇಬ್ಬರು ಹೆಂಗಸರಲ್ಲಿ ಒಬ್ಬರ ಭುಜ ಅಗಲ, ಇನ್ನೊಬ್ಬರ ಸೊಂಟ ದಪ್ಪ. ಒಬ್ಬರಿಗೆ ಬಲತೋಳು ಎಡತೋಳಿಗಿಂತ ದಪ್ಪ. ಎಷ್ಟು ಮೈಗಳನ್ನು ಅಳೆದರೂ ಈ ವ್ಯತ್ಯಾಸಗಳೆಲ್ಲ ಎಸ್, ಎಂ, ಎಲ್ ಎಂಬ ಮೂರೋ ಐದೋ ಅಕ್ಷರಗಳೊಳಗೆ ಹಿಡಿಸುವುದಿಲ್ಲ. ಕೊನೆಯ ಒಂದು ಇಂಚನ್ನು ಹೊಂದಿಸಲು ಪಟ್ಟಿಯೋ ಲಾಡಿಯೋ ಬೇಕೇ ಬೇಕು.

ಆ ಒಂದು ಇಂಚು ಅಂದಚೆಂದದ ಮಾತಾಗಿರದ ಜಾಗಗಳೂ ಇವೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಆ ಕಡೆಯ ತೋಳು ಊದಿಕೊಳ್ಳುತ್ತದೆ. ಒಂದು ತೋಳು ರವಿಕೆಯೊಳಗೆ ಸಲೀಸಾಗಿ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ. ಊದಿದ ತೋಳಿಗೆ ಬಿಗಿ ಬಟ್ಟೆ ಒಳ್ಳೆಯದೂ ಅಲ್ಲ. ಆ ಒಂದೇ ತೋಳಿನ ಹೊಲಿಗೆ ಬಿಚ್ಚಿ, ಮೆತ್ತನೆಯ ಬಟ್ಟೆಯ ಪಟ್ಟಿಯಿಟ್ಟು, ಎರಡು ಮೂರು ಸಾಲು ಟಿಚ್ ಬಟನ್ ಹಾಕಿದರೆ ಆ ಹೆಂಗಸು ತನ್ನದೇ ಸೀರೆಯಲ್ಲಿ, ತನ್ನದೇ ಬಣ್ಣದ ರವಿಕೆಯಲ್ಲಿ ಮನೆಯಿಂದ ಹೊರಗೆ ಬರುತ್ತಾಳೆ. ಸ್ತನವನ್ನೇ ತೆಗೆದಿದ್ದರೆ ಆ ಭಾಗಕ್ಕೆ ಒಳಗಿನಿಂದ ಜೇಬು ಹೊಲಿದುಕೊಟ್ಟರೆ ಹತ್ತಿಯ ಮೆತ್ತೆ ಜಾರದೆ ನಿಲ್ಲುತ್ತದೆ. ಪಾರ್ಶ್ವವಾಯು ಬಡಿದವರಿಗೆ ಒಂದೇ ಕೈಯಲ್ಲಿ ಗುಂಡಿ ಹಾಕಲಾಗದು. ಗುಂಡಿಯನ್ನು ಅಂಗಿಯ ಮೇಲೆ ಹಾಗೇ ಹೊಲಿದು, ಕೆಳಗೆ ವೆಲ್ಕ್ರೋ ಇಟ್ಟರೆ ನೋಡಲು ಮಾಮೂಲಿ ಶರ್ಟು, ಹಾಕಲು ಒಂದು ಕೈ ಸಾಕು. ಸಂಧಿವಾತದ ಬೆರಳಿಗೂ ಇದು ಆಗುತ್ತದೆ. ಬೇರೊಬ್ಬರ ಕೈ ಕಾಯದೆ ತಾನೇ ಬಟ್ಟೆ ಹಾಕಿಕೊಳ್ಳುವುದು ಕಾಯಿಲೆಯವರಿಗೆ ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಅವರ ಜೊತೆಗಿದ್ದವರು ಬಲ್ಲರು.

ಮಕ್ಕಳದ್ದು ಇನ್ನೊಂದು ಪಾಡು. ಜೂನ್ ಬಂತೆಂದರೆ "ಒಂದು ಸೈಜು ದೊಡ್ಡದೇ ಕೊಡಿ" ಎನ್ನುವ ತಾಯಂದಿರು. ಜುಲೈಯಲ್ಲಿ ಮಗು ಜಾರುವ ಪ್ಯಾಂಟು ಹಿಡಿದುಕೊಂಡು ಆಟವಾಡುತ್ತದೆ, ಫೆಬ್ರವರಿಗೆ ಅದೇ ಪ್ಯಾಂಟು ಬಿಗಿ. ಇದಕ್ಕೆ ಸರಳ ಪರಿಹಾರ ಮಾರುಕಟ್ಟೆಯಲ್ಲೇ ಇದೆ. ಸೊಂಟಪಟ್ಟಿಯ ಒಳಗೆ ಉದ್ದಕ್ಕೂ ತೂತುಗಳಿರುವ ಎಲಾಸ್ಟಿಕ್, ಪಕ್ಕದಲ್ಲೊಂದು ಗುಂಡಿ. ಬೇಕಾದ ತೂತಿಗೆ ಗುಂಡಿ ಸಿಕ್ಕಿಸಿದರಾಯಿತು. ದುಬಾರಿ ಬ್ರಾಂಡಿನ ಮಕ್ಕಳ ಪ್ಯಾಂಟುಗಳಲ್ಲಿ ಕಾಣುವ ಇದು ಯೂನಿಫಾರ್ಮಿನಲ್ಲಿ ಕಾಣುವುದು ಅಪರೂಪ. ವರ್ಷಪೂರ್ತಿ ಹಾಕುವ ಬಟ್ಟೆಗಲ್ಲವೇ ಅದು ಮೊದಲು ಬೇಕಾದ್ದು?

ಹಕ್ಕಿನ ಮಾತು

ಹುಕ್ಕಿನ ಪಟ್ಟಿಗೇ ಮರಳೋಣ. ಬ್ರಾಗೆ ಸಿದ್ಧ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ, ರವಿಕೆಗೆ ಸಿಗುವುದಿಲ್ಲ. ಕಾರಣ ಸರಳ. ಬ್ರಾದ ಹುಕ್ಕುಗಳ ನಡುವಿನ ದೂರ ಕಾರ್ಖಾನೆಯ ಅಳತೆಯದು, ಹೆಚ್ಚು ಕಡಿಮೆ ಎಲ್ಲದರಲ್ಲೂ ಒಂದೇ. ರವಿಕೆಯ ಹುಕ್ಕುಗಳನ್ನು ಒಬ್ಬೊಬ್ಬ ಟೈಲರ್ ತಮ್ಮ ಕಣ್ಣಳತೆಯಲ್ಲಿ ಹಾಕುತ್ತಾರೆ. ಒಬ್ಬರದು ಒಂದೂವರೆ ಇಂಚಿಗೆ, ಇನ್ನೊಬ್ಬರದು ಎರಡಕ್ಕೆ. ಒಬ್ಬರು ಹೊಲಿದ ಪಟ್ಟಿ ಇನ್ನೊಬ್ಬರ ರವಿಕೆಗೆ ಕೂರುವುದಿಲ್ಲ.

ಇದಕ್ಕೆ ನನಗೆ ತೋರುವ ದಾರಿ ಸೀರೆಗೆ ಕುಚ್ಚು ಹಾಕುವ ಹೆಂಗಸರ ಕೈಯಲ್ಲೇ ಇದೆ. ಕ್ರೋಶಾ ಕಡ್ಡಿಯಲ್ಲಿ ಅವರು ಹೆಣೆಯುವ ಸರಪಳಿಯ ಒಂದೊಂದು ಕುಣಿಕೆಯೂ ಒಂದೊಂದು ಕಾಜವೇ. ಬಿಡಿ ಬಿಡಿ ಕಾಜಗಳ ಬದಲು ಪಟ್ಟಿಯ ಉದ್ದಕ್ಕೂ ಗಟ್ಟಿ ನೂಲಿನ ಸರಪಳಿಯನ್ನು ಮೂರು ಸಾಲು ಕೂರಿಸಿದರೆ ಹುಕ್ಕು ಎಲ್ಲೇ ಇರಲಿ, ಅದರೆದುರಿಗೊಂದು ಕುಣಿಕೆ ಇದ್ದೇ ಇರುತ್ತದೆ. ಪಟ್ಟಿಯ ಇನ್ನೊಂದು ಅಂಚಿಗೆ ಹುಕ್ಕೇ ಬೇಡ, ರವಿಕೆಯ ಕಾಜದ ಕಡೆಗೆ ಕೈಯಲ್ಲಿ ನಾಲ್ಕು ಟಾಕು ಹಾಕಿದರೆ ಸಾಕು. ರಾಜೀವನಗರದಂಥ ಬಡಾವಣೆಯಲ್ಲಿ ಹೊಲಿಯುವವರೂ ಇದ್ದಾರೆ, ಕ್ರೋಶಾ ಬಲ್ಲವರೂ ಇದ್ದಾರೆ. ಯಾವ ಟೈಲರ್ ಹೊಲಿದ ರವಿಕೆಗಾದರೂ ಕೂರುವ ಪಟ್ಟಿ ಅಲ್ಲಿಂದಲೇ ಫ್ಯಾನ್ಸಿ ಸ್ಟೋರುಗಳಿಗೆ ಹೋಗಬಹುದು. ಈ ಯೋಚನೆ ಯಾರಿಗಾದರೂ ಉಪಯೋಗಕ್ಕೆ ಬಂದರೆ ಧಾರಾಳವಾಗಿ ಬಳಸಿಕೊಳ್ಳಲಿ.

ಇದಕ್ಕಿಂತ ಒಳ್ಳೆಯದನ್ನು ಕಂಡುಹಿಡಿದವರಿಗೆ ಮಾತ್ರ ಒಂದು ಎಚ್ಚರ. ಅಂಗಡಿಯಲ್ಲಿ ಮಾರಿದ, ಮೊಬೈಲಿನಲ್ಲಿ ವಿಡಿಯೊ ಹಾಕಿದ ಮೇಲೆ ಪೇಟೆಂಟ್ ಕೇಳಿದರೆ ಹೊಸತನ ಹೋಯಿತು ಎನ್ನುತ್ತದೆ ಕಾನೂನು. ಮೊದಲು ಅರ್ಜಿ, ಆಮೇಲೆ ಪ್ರಚಾರ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆನ್‌ಲೈನಿನಲ್ಲೇ ಹಾಕಬಹುದು. ವೈಯಕ್ತಿಕವಾಗಿ ಹಾಕುವವರಿಗೆ ಅರ್ಜಿ ಶುಲ್ಕ 1,600 ರೂಪಾಯಿ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು, ಪೂರ್ತಿ ವಿವರಣೆಯನ್ನು 12 ತಿಂಗಳೊಳಗೆ ಕೊಡಲು ಅವಕಾಶವಿದೆ. ಅರ್ಜಿದಾರರು ಹೆಂಗಸರಾದರೆ ಪರಿಶೀಲನೆಯನ್ನು ಬೇಗ ಮಾಡಿ ಎಂದು ಕೇಳುವ ಹಕ್ಕು 2019ರ ತಿದ್ದುಪಡಿಯಿಂದ ಬಂದಿದೆ.

ಸರಳ ವಸ್ತುವಿಗೆ ಪೇಟೆಂಟ್ ಸಿಗುವುದು ಸುಲಭವಲ್ಲ. ಗೊತ್ತಿರುವ ವಸ್ತುಗಳನ್ನು ಸುಮ್ಮನೆ ಅಕ್ಕಪಕ್ಕ ಜೋಡಿಸಿದರೆ ಆವಿಷ್ಕಾರವಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಹುಕ್ಕು, ಕಾಜ, ಎಲಾಸ್ಟಿಕ್ ಎಲ್ಲವೂ ಹಳೆಯವು. ಜೋಡಿಸಿದಾಗ ಹೊಸ ಕೆಲಸವೊಂದು ಆಗುತ್ತದೆಂದು ತೋರಿಸಬೇಕು. ಅದು ಆಗದಿದ್ದರೆ ವಸ್ತುವಿನ ಆಕಾರ, ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. ಹತ್ತು ವರ್ಷ, ಮತ್ತೆ ಐದು ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅದು ನೋಟಕ್ಕೆ ಮಾತ್ರ, ಒಳಗಿನ ಉಪಾಯಕ್ಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಓದು ಕಡಿಮೆಯಿದ್ದೂ ಕೈಯಲ್ಲಿ ಬುದ್ಧಿಯಿರುವವರಿಗಾಗಿಯೇ 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಗುಜರಾತಿನಲ್ಲಿದೆ. ಆದರೆ ಮುಂಕೋಣೆಯಲ್ಲಿ ಮಿಷನ್ ತುಳಿಯುವ ಹೆಂಗಸು ಇಲ್ಲಿಗೆಲ್ಲ ತಾನೇ ಹುಡುಕಿಕೊಂಡು ಹೋಗಲಿ ಎಂದು ಕಾಯುವುದು ನ್ಯಾಯವಲ್ಲ. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳು, ಫ್ಯಾಷನ್ ಡಿಸೈನ್ ವಿಭಾಗಗಳು ತಮ್ಮ ವಿದ್ಯಾರ್ಥಿಗಳನ್ನು ಈ ಬೀದಿಗಳಿಗೆ ಕಳಿಸಬೇಕು. ಪಾಠ ಹೇಳಲು ಅಲ್ಲ, ನೋಡಿ ಬರೆದುಕೊಂಡು ಅರ್ಜಿ ತುಂಬಲು ನೆರವಾಗಲು. ಅರ್ಜಿಯಲ್ಲಿ ಆವಿಷ್ಕಾರ ಮಾಡಿದವರ ಹೆಸರಿನ ಜಾಗದಲ್ಲಿ ಆ ಹೆಂಗಸಿನ ಹೆಸರೇ ಇರಬೇಕು.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಮಕ್ಕಳ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ, ಯೂನಿಫಾರ್ಮಿನ ಸೊಂಟಕ್ಕೆ ತೂತಿನ ಎಲಾಸ್ಟಿಕ್ ಹಾಕಿಸಿ ಎಂದು ಕೇಳಿ. ರೆಡಿಮೇಡ್ ಕೊಳ್ಳುವಾಗ ಒಳಮಗ್ಗುಲು ತಿರುವಿ, ಬಿಡಲು ಬಟ್ಟೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಂಗಡಿಯವರಿಗೆ ಹೇಳಿ ಬನ್ನಿ. ಬಿಗಿಯಾಯಿತೆಂದು ಮೂಲೆಗೆ ಹಾಕಿದ ರವಿಕೆಗಳನ್ನು ಗಂಟು ಕಟ್ಟಿಕೊಂಡು ನಿಮ್ಮ ಬೀದಿಯ ಟೈಲರ್ ಹತ್ತಿರ ಹೋಗಿ, ಪಟ್ಟಿ ಹಾಕಿಕೊಡಿ ಎನ್ನಿ. ಆಲ್ಟ್ರೇಷನ್ ತಾನೇ ಎಂದು ಚೌಕಾಸಿ ಮಾಡಬೇಡಿ. ಹೊಸದು ಹೊಲಿಯುವುದಕ್ಕಿಂತ ಹೆಚ್ಚು ತಲೆ ಬೇಡುವ ಕೆಲಸ ಅದು, ಕೇಳಿದಷ್ಟು ಕೂಲಿ ಕೊಟ್ಟು ಬನ್ನಿ.